ಮೊಲದ ಕಥೆಯ ದುಡ್ಡಿನಲ್ಲಿ ಬೆಟ್ಟ ಕೊಂಡ ಬಿಯಾಟ್ರಿಕ್ಸ್ ಪಾಟರ್

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಲೇಕ್ ಡಿಸ್ಟ್ರಿಕ್ಟ್ ಎಂಬ ಸೀಮೆ ಇದೆ. ಉದ್ದುದ್ದ ಸರೋವರಗಳು, ಬೋಳು ಗುಡ್ಡಗಳು, ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳು, ಎಲ್ಲಿ ನೋಡಿದರೂ ಕುರಿ. 1943ರ ಡಿಸೆಂಬರ್‌ನಲ್ಲಿ ತೀರಿಕೊಂಡ ಒಬ್ಬ ಹೆಂಗಸು ಅಲ್ಲಿನ 4,000 ಎಕರೆಗೂ ಜಾಸ್ತಿ ನೆಲವನ್ನು, ಹದಿನಾಲ್ಕು-ಹದಿನೈದು ತೋಟದ ಮನೆಗಳ ಸಮೇತ, ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಉಯಿಲು ಬರೆದಿಟ್ಟು ಹೋದರು. ಊರವರಿಗೆ ಆಕೆ ಮಿಸೆಸ್ ಹೀಲಿಸ್, ಕುರಿ ಸಾಕುವಾಕೆ. ಹೊರಗಿನವರಿಗೆಲ್ಲ ಬಿಯಾಟ್ರಿಕ್ಸ್ ಪಾಟರ್. ನೀಲಿ ಕೋಟು ತೊಟ್ಟ ಪೀಟರ್ ಮೊಲವನ್ನು ಬರೆದವರು ಇವರೇ.

ಪಾಟರ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ಭಾಗ ಮಾಡುತ್ತಾರೆ. ಮೊದಲು ಮಕ್ಕಳ ಲೇಖಕಿ, ಆಮೇಲೆ ಬರೆಯೋದು ಬಿಟ್ಟು ಹಳ್ಳಿಗೆ ಹೋದ ರೈತ ಮಹಿಳೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಎರಡೂ ಕಡೆ ಆಕೆ ಮಾಡಿದ್ದು ಒಂದೇ ಕೆಲಸ. ಒಂದು ವಸ್ತುವನ್ನು ಹತ್ತಿರದಿಂದ ನೋಡೋದು, ಅದು ಹೇಗಿರಬೇಕು ಅಂತ ತಾವೇ ತೀರ್ಮಾನಿಸೋದು, ಅದರ ಹಕ್ಕು ಕೈತಪ್ಪದ ಹಾಗೆ ನೋಡಿಕೊಳ್ಳೋದು. ಒಂದು ಶಿಲಿಂಗಿನ ಪುಸ್ತಕ ಸಾವಿರಾರು ಎಕರೆ ಆದದ್ದು ಈ ಮೂರರಿಂದ.

ಹುಟ್ಟಿದ್ದು 1866ರ ಜುಲೈ 28ರಂದು, ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ. ತಂದೆ ರೂಪರ್ಟ್ ಪಾಟರ್ ಓದಿದ್ದು ವಕೀಲಿ, ಇಷ್ಟಪಟ್ಟದ್ದು ಫೋಟೋಗ್ರಫಿ. ಮನೆಯ ಸಿರಿತನ ಬಂದದ್ದು ಲ್ಯಾಂಕಶೈರಿನ ಹತ್ತಿ ಉದ್ಯಮದಿಂದ. ಅಜ್ಜ ಎಡ್ಮಂಡ್ ಪಾಟರ್ ಬಟ್ಟೆಯ ಮೇಲೆ ಬಣ್ಣದ ಚಿತ್ತಾರ ಅಚ್ಚು ಹಾಕುವ ದೊಡ್ಡ ಕಾರ್ಖಾನೆ ನಡೆಸುತ್ತಿದ್ದರು. ಇದನ್ನು ಮರೆಮಾಚಬಾರದು. ಆ ಕಾಲದ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಬರುತ್ತಿದ್ದದ್ದು ಹೆಚ್ಚಾಗಿ ಅಮೆರಿಕದ ಗುಲಾಮರು ದುಡಿದ ಹೊಲಗಳಿಂದ. ಆ ಗಿರಣಿಗಳ ಬಟ್ಟೆ ನಮ್ಮ ದೇಶದ ಸಂತೆಗಳನ್ನೂ ತುಂಬಿ ನೇಕಾರರ ಮಗ್ಗ ನಿಲ್ಲಿಸಿತ್ತು. ಪಾಟರ್ ಅವರ ಬಾಲ್ಯದ ಆರಾಮ ಆ ದುಡ್ಡಿನದೇ.

ಶಾಲೆಗೆ ಹೋಗಲೇ ಇಲ್ಲ. ಆ ವರ್ಗದ ಹೆಣ್ಣುಮಕ್ಕಳಿಗೆ ಮನೆಗೇ ಬಂದು ಪಾಠ ಹೇಳುವ ಶಿಕ್ಷಕಿಯರಿದ್ದರು. ಜೊತೆಗಾರರು ಅಂದರೆ ತಮ್ಮ ಬರ್ಟ್ರಮ್ ಮತ್ತು ಸಾಕುಪ್ರಾಣಿಗಳು. ಮೊಲ, ಇಲಿ, ಕಪ್ಪೆ, ಬಾವಲಿ, ಮೈಮೇಲೆಲ್ಲ ಮುಳ್ಳಿರುವ ಪುಟ್ಟ ಹೆಡ್ಜ್‌ಹಾಗ್ ಎಲ್ಲವೂ ಆ ಮನೆಯಲ್ಲಿದ್ದವು. ಸತ್ತ ಪ್ರಾಣಿಯನ್ನು ಬೇಯಿಸಿ, ಮೂಳೆ ಬಿಡಿಸಿ, ಅಸ್ಥಿಪಂಜರ ಜೋಡಿಸಿ ಚಿತ್ರ ಬರೆಯುತ್ತಿದ್ದರು ಅಕ್ಕ-ತಮ್ಮ. ಕೇಳಿದರೆ ಮೈ ಜುಮ್ಮೆನ್ನಬಹುದು. ಆದರೆ ಪಾಟರ್ ಬರೆದ ಮೊಲ ಕೋಟು ಹಾಕಿಕೊಂಡಿದ್ದರೂ ನಿಜವಾದ ಮೊಲದ ಹಾಗೇ ಕಾಣುವುದು ಇದರಿಂದಲೇ. ಬಟ್ಟೆಯ ಒಳಗೆ ಮೂಳೆ ಎಲ್ಲಿ ಬಾಗುತ್ತದೆ, ಮಂಡಿ ಎಲ್ಲಿರುತ್ತದೆ ಅಂತ ಆಕೆಗೆ ಗೊತ್ತಿತ್ತು.

ಹದಿಹರೆಯದಲ್ಲಿ ಗುಟ್ಟಾಗಿ ದಿನಚರಿ ಬರೆಯಲು ಶುರು ಮಾಡಿದರು. ಲಿಪಿ ಆಕೆಯೇ ಕಟ್ಟಿದ್ದು, ಬೇರೆ ಯಾರಿಗೂ ಓದಲು ಬಾರದು. 1881ರಿಂದ 1897ರವರೆಗಿನ ಆ ಬರಹ ಎಷ್ಟೋ ವರ್ಷ ಯಾರಿಗೂ ಅರ್ಥವಾಗಲಿಲ್ಲ. ಲೆಸ್ಲಿ ಲಿಂಡರ್ ಎಂಬ ಎಂಜಿನಿಯರ್ 1958ರಲ್ಲಿ ಅದನ್ನು ಬಿಡಿಸಿದರು. ಒಂದು ಪುಟದಲ್ಲಿ ರೋಮನ್ ಅಂಕಿಯಲ್ಲಿ 16 ಅಂತಲೂ, 1793 ಎಂಬ ಇಸವಿಯೂ ಕಂಡವು. ಫ್ರಾನ್ಸಿನ ಹದಿನಾರನೇ ಲೂಯಿಯ ತಲೆ ಕಡಿದ ವರ್ಷ ಅದು. ಆ ಎಳೆ ಹಿಡಿದು ಒಂದೊಂದೇ ಅಕ್ಷರ ಗುರುತಿಸಿದರು.

ಬೇಸಿಗೆಯಲ್ಲಿ ಇಡೀ ಮನೆಯವರು ಸ್ಕಾಟ್ಲೆಂಡಿಗೆ ಹೋಗುತ್ತಿದ್ದರು. 1882ರಿಂದ ಲೇಕ್ ಡಿಸ್ಟ್ರಿಕ್ಟಿಗೂ ಹೋಗತೊಡಗಿದರು. ಅಲ್ಲಿ ಪರಿಚಯವಾದವರು ಹಾರ್ಡ್‌ವಿಕ್ ರಾನ್ಸ್‌ಲಿ ಎಂಬ ಪಾದ್ರಿ. ಮುಂದೆ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಕಟ್ಟಿದ ಮೂವರಲ್ಲಿ ಇವರೂ ಒಬ್ಬರು. ಚೆಂದದ ನೆಲ ಯಾರೋ ಒಬ್ಬ ಸಿರಿವಂತನ ಬಂಗಲೆಯ ಪಾಲಾಗಬಾರದು, ಎಲ್ಲರಿಗೂ ಉಳಿಯಬೇಕು ಅನ್ನೋದು ಆ ಟ್ರಸ್ಟಿನ ಮೂಲ ಆಸೆ. ಈ ಮಾತು ಹದಿನಾರರ ಹುಡುಗಿಯ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಅಂತ ಗೊತ್ತಾಗಿದ್ದು ನಲವತ್ತು ವರ್ಷಗಳ ನಂತರ.

ಅಣಬೆಗಳ ಕಥೆ ಸ್ವಲ್ಪ ಹೇಳಲೇಬೇಕು. ಆಕೆ ಮುನ್ನೂರಕ್ಕೂ ಹೆಚ್ಚು ಅಣಬೆಗಳ ಚಿತ್ರ ಬರೆದರು. ಸ್ಕಾಟ್ಲೆಂಡಿನ ಚಾರ್ಲ್ಸ್ ಮೆಕಿಂಟಾಷ್ ಎಂಬ ಅಂಚೆಯವರು ಮಾದರಿಗಳನ್ನು ಕಳಿಸಿಕೊಡುತ್ತಿದ್ದರು. ಬೀಜಕಣ ಹೇಗೆ ಮೊಳೆಯುತ್ತದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ರಬಂಧವನ್ನೂ ಬರೆದರು. 1897ರ ಏಪ್ರಿಲ್ 1ರಂದು ಅದನ್ನು ಲಂಡನ್ನಿನ ಲಿನಿಯನ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದಲ್ಲಿ ಮಂಡಿಸಿದವರು ಕ್ಯೂ ಎಂಬ ಸಸ್ಯೋದ್ಯಾನದ ಜಾರ್ಜ್ ಮ್ಯಾಸಿ. ಬರೆದಾಕೆಗೆ ಸಭೆಯೊಳಗೆ ಕಾಲಿಡುವ ಹಾಗಿರಲಿಲ್ಲ, ಏಕೆಂದರೆ ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಪ್ರಬಂಧವನ್ನು ಹಿಂದಕ್ಕೆ ಪಡೆದರು, ಆಮೇಲೆ ಅದು ಕಳೆದೇ ಹೋಯಿತು. ಆಕೆಯನ್ನು ನಡೆಸಿಕೊಂಡ ರೀತಿ ಸರಿಯಿರಲಿಲ್ಲ ಅಂತ ಸೊಸೈಟಿ ಒಪ್ಪಿಕೊಂಡದ್ದು 1997ರಲ್ಲಿ, ಸರಿಯಾಗಿ ನೂರು ವರ್ಷ ಕಳೆದ ಮೇಲೆ. ವಿಜ್ಞಾನ ಲೋಕವನ್ನೇ ತಲೆಕೆಳಗು ಮಾಡುವ ಶೋಧ ಮುಚ್ಚಿಹೋಯಿತು ಅಂತ ಕೆಲವರು ಬರೆಯುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ, ಜರ್ಮನಿಯಲ್ಲಿ ಇಂಥ ಪ್ರಯೋಗ ಮೊದಲೇ ನಡೆದಿತ್ತು. ಆದರೆ ಆ ಚಿತ್ರಗಳು ಎಷ್ಟು ಕರಾರುವಾಕ್ಕಾಗಿವೆ ಅಂದರೆ 1967ರಲ್ಲಿ ಬಂದ ಅಣಬೆಗಳ ಕೈಪಿಡಿಯೊಂದು ಅವುಗಳಲ್ಲಿ ಹಲವನ್ನು ಬಳಸಿಕೊಂಡಿತು. ಆಂಬಲ್‌ಸೈಡ್ ಊರಿನ ಆರ್ಮಿಟ್ ಮ್ಯೂಸಿಯಂನಲ್ಲಿ ಈಗಲೂ ಅವನ್ನು ನೋಡಬಹುದು.

ಒಂದು ಕಾಗದ, ಒಂದು ಶಿಲಿಂಗ್

1893ರ ಸೆಪ್ಟೆಂಬರ್ 4. ಆಕೆಗೆ ಪಾಠ ಹೇಳಿದ್ದ ಆನಿ ಮೂರ್ ಅವರ ಐದು ವರ್ಷದ ಮಗ ನೋಯೆಲ್ ಹುಷಾರಿಲ್ಲದೆ ಮಲಗಿದ್ದ. ಸ್ಕಾಟ್ಲೆಂಡಿನಲ್ಲಿದ್ದ ಪಾಟರ್ ಅವನಿಗೊಂದು ಕಾಗದ ಬರೆದರು. ಏನು ಬರೆಯಬೇಕು ತಿಳಿಯುತ್ತಿಲ್ಲ, ಅದಕ್ಕೇ ನಾಲ್ಕು ಮರಿ ಮೊಲಗಳ ಕಥೆ ಹೇಳುತ್ತೇನೆ ಅಂತ ಶುರು ಮಾಡಿ, ಸಾಲುಗಳ ನಡುವೆ ಪೆನ್ನಿನಲ್ಲೇ ಚಿತ್ರ ಗೀಚಿದರು. ನೋಯೆಲ್ ಆ ಕಾಗದವನ್ನು ಜೋಪಾನ ಮಾಡಿದ್ದ. ಏಳೆಂಟು ವರ್ಷಗಳ ಮೇಲೆ ಪಾಟರ್ ಅದನ್ನೇ ಎರವಲು ಪಡೆದು ಪುಸ್ತಕ ಮಾಡಲು ಹೊರಟರು.

ಕನಿಷ್ಠ ಆರು ಪ್ರಕಾಶಕರು ಬೇಡ ಅಂದರು. ಜಗಳ ಇದ್ದದ್ದು ಹೆಚ್ಚಾಗಿ ಪುಸ್ತಕದ ಆಕಾರದ ಬಗ್ಗೆ. ಪ್ರಕಾಶಕರಿಗೆ ದೊಡ್ಡ ಗಾತ್ರದ, ಹೆಚ್ಚು ಬೆಲೆಯ ಪುಸ್ತಕ ಬೇಕಿತ್ತು. ಪಾಟರ್‌ಗೆ ಮಗುವಿನ ಅಂಗೈಯಲ್ಲಿ ಕೂರುವಂಥದ್ದು ಬೇಕಿತ್ತು. ಆರು ಶಿಲಿಂಗಿನ ಒಂದು ಪುಸ್ತಕಕ್ಕಿಂತ ಒಂದೊಂದು ಶಿಲಿಂಗಿನ ಎರಡು ಮೂರು ಪುಸ್ತಕ ಮಾಡೋಣ, ಮರಿ ಮೊಲಗಳ ಹತ್ತಿರ ಆರು ಶಿಲಿಂಗ್ ಎಲ್ಲಿರುತ್ತದೆ ಅನ್ನೋದು ಆಕೆಯ ವಾದ. ಯಾರೂ ಒಪ್ಪದಿದ್ದಾಗ 1901ರ ಡಿಸೆಂಬರ್‌ನಲ್ಲಿ ತಮ್ಮದೇ ದುಡ್ಡಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. ಅವು ಬೇಗ ಮುಗಿದು ಮತ್ತೆ ಅಚ್ಚಾಯಿತು. ಷರ್ಲಾಕ್ ಹೋಮ್ಸ್ ಖ್ಯಾತಿಯ ಆರ್ಥರ್ ಕಾನನ್ ಡಾಯ್ಲ್ ಕೂಡ ತಮ್ಮ ಮಕ್ಕಳಿಗೆ ಒಂದು ಕೊಂಡಿದ್ದರು.

ಅಷ್ಟರಲ್ಲಿ, ಮೊದಲು ಬೇಡ ಅಂದಿದ್ದ ಫ್ರೆಡರಿಕ್ ವಾರ್ನ್ ಎಂಬ ಪ್ರಕಾಶನ ಕಂಪನಿ ಮನಸ್ಸು ಬದಲಿಸಿತು. ಷರತ್ತು ಒಂದೇ, ಚಿತ್ರಗಳು ಬಣ್ಣದಲ್ಲಿರಬೇಕು. ಪಾಟರ್ ಮೊದಲು ಕಪ್ಪು-ಬಿಳುಪಿನಲ್ಲೇ ಸಾಕು ಅಂದುಕೊಂಡಿದ್ದರು, ಬಣ್ಣ ಹಾಕಿದರೆ ಬೆಲೆ ಏರುತ್ತದೆ ಅಂತ. ಅದೇ ಹೊತ್ತಿಗೆ ಮೂರು ಬಣ್ಣದ ಮುದ್ರಣ ಎಂಬ ಹೊಸ ವಿಧಾನ ಕೈಗೆಟುಕುವ ಬೆಲೆಗೆ ಬಂದಿತ್ತು. ಹಿಂದೆ ಪ್ರತಿ ಬಣ್ಣಕ್ಕೂ ಮರದ ಅಚ್ಚನ್ನು ಕೈಯಲ್ಲಿ ಕೆತ್ತಬೇಕಿತ್ತು. ಹೊಸ ವಿಧಾನದಲ್ಲಿ ಜಲವರ್ಣ ಚಿತ್ರವನ್ನೇ ಕ್ಯಾಮೆರಾದಲ್ಲಿ ಮೂರು ಸಲ ಹಿಡಿಯುತ್ತಾರೆ. ಪ್ರತಿ ಸಲವೂ ಬೇರೆ ಬಣ್ಣದ ಗಾಜು ಅಡ್ಡ ಇಟ್ಟು ಹಳದಿ, ಕೆಂಪು, ನೀಲಿ ಅಂಶಗಳನ್ನು ಬೇರೆ ಮಾಡಿ ಮೂರು ಅಚ್ಚು ತಯಾರಿಸುತ್ತಾರೆ. ಸಣ್ಣ ಚುಕ್ಕೆಗಳಾಗಿ ಒಂದರ ಮೇಲೊಂದು ಬಿದ್ದ ಮೂರು ಬಣ್ಣ ಕಣ್ಣಿಗೆ ಹುಲ್ಲಿನ ಹಸಿರು, ಮೊಲದ ಕಂದು ಎಲ್ಲವೂ ಆಗಿ ಕಾಣುತ್ತದೆ. ಇದಕ್ಕೆ ನುಣುಪಾದ ಕಾಗದ ಬೇಕು. ಆ ಪುಸ್ತಕಗಳ ಹಾಳೆ ಹೊಳೆಯುವುದು ಅದಕ್ಕೇ.

1902ರ ಅಕ್ಟೋಬರ್‌ನಲ್ಲಿ ‘ದ ಟೇಲ್ ಆಫ್ ಪೀಟರ್ ರ‍್ಯಾಬಿಟ್’ ಹೊರಬಂತು. ಮೊದಲ ಮುದ್ರಣದ 8,000 ಪ್ರತಿ ಅಂಗಡಿಗೆ ಬರುವ ಮೊದಲೇ ಖಾಲಿ. ವರ್ಷ ಮುಗಿಯುವಷ್ಟರಲ್ಲಿ 28,000 ಪ್ರತಿ ಅಚ್ಚಾಗಿತ್ತು. ಬೆಲೆ ಪಾಟರ್ ಕೇಳಿದ ಹಾಗೆ ಒಂದು ಶಿಲಿಂಗ್.

ಆ ಪುಸ್ತಕದ ಒಳಗೆ ಒಮ್ಮೆ ಹೋಗೋಣ. ಅಮ್ಮ ಮೊಲ ಮಕ್ಕಳಿಗೆ ಹೇಳುತ್ತಾಳೆ: ಹೊಲಕ್ಕೆ ಹೋಗಿ, ಓಣಿಗೆ ಹೋಗಿ, ಆದರೆ ಮೆಕ್‌ಗ್ರೆಗರ್ ತೋಟಕ್ಕೆ ಮಾತ್ರ ಕಾಲಿಡಬೇಡಿ. ನಿಮ್ಮಪ್ಪ ಅಲ್ಲೇ ಅಪಘಾತಕ್ಕೆ ಸಿಕ್ಕಿದ್ದು, ಮೆಕ್‌ಗ್ರೆಗರ್ ಹೆಂಡತಿ ಅವರನ್ನು ಕಡುಬಿಗೆ ಹಾಕಿಬಿಟ್ಟಳು. ಅಷ್ಟೇ. ಅಳುವಿಲ್ಲ, ವಿವರಣೆಯಿಲ್ಲ, ಮಾತು ಮುಂದಕ್ಕೆ ಹೋಗುತ್ತದೆ. ಮಕ್ಕಳ ಮುಂದೆ ಸಾವಿನ ವಿಷಯ ಎತ್ತಬಾರದು ಅನ್ನುವವರು ಈ ಸಾಲನ್ನು ನೋಡಬೇಕು. ಈ ಒಂದು ಮಾತಿಲ್ಲದಿದ್ದರೆ ಪೀಟರ್ ತೋಟಕ್ಕೆ ನುಗ್ಗಿದ್ದು ಬರೀ ತುಂಟತನ ಆಗುತ್ತಿತ್ತು. ಈಗ ಅದು ಜೀವದ ಪ್ರಶ್ನೆ.

ಮುಂದೆ ಪೀಟರ್ ತೋಟಗಾರನ ಕಣ್ಣಿಗೆ ಬೀಳುತ್ತಾನೆ. ಓಡುವಾಗ ಒಂದು ಷೂ ಎಲೆಕೋಸಿನ ನಡುವೆ ಕಳಚುತ್ತದೆ, ಇನ್ನೊಂದು ಆಲೂಗಡ್ಡೆ ಪಾತಿಯಲ್ಲಿ. ಷೂ ಹೋದ ಮೇಲೆ ಅವನು ನಾಲ್ಕು ಕಾಲಲ್ಲಿ ಓಡುತ್ತಾನೆ, ಇನ್ನೂ ಜೋರಾಗಿ. ತಪ್ಪಿಸಿಕೊಂಡೇಬಿಡುತ್ತಿದ್ದ, ಆದರೆ ಗೂಸ್‌ಬೆರಿ ಗಿಡದ ಬಲೆಗೆ ಕೋಟಿನ ದೊಡ್ಡ ಗುಂಡಿಗಳು ಸಿಕ್ಕಿಹಾಕಿಕೊಳ್ಳುತ್ತವೆ. ಜೀವ ಹೋಗುವ ಈ ಹೊತ್ತಲ್ಲಿ ಪಾಟರ್ ಒಂದು ಮಾತು ಸೇರಿಸುತ್ತಾರೆ: ಅದು ಹಿತ್ತಾಳೆ ಗುಂಡಿಯ ನೀಲಿ ಕೋಟು, ಹೊಚ್ಚ ಹೊಸದು. ಅಮ್ಮ ತೊಡಿಸಿದ ಹೊಸ ಬಟ್ಟೆಯೇ ಅವನನ್ನು ಹಿಡಿದುಹಾಕಿದೆ. ಕೋಟು ಕಳಚಿ ಬರಿ ಮೊಲವಾದಾಗಲೇ ಅವನು ಉಳಿಯುವುದು. ಬಿಟ್ಟುಬಂದ ಕೋಟು, ಷೂಗಳನ್ನು ಮೆಕ್‌ಗ್ರೆಗರ್ ಬೆದರುಬೊಂಬೆಗೆ ತೊಡಿಸುತ್ತಾನೆ. ಪಾಟರ್ ಕಥೆಗಳಲ್ಲಿ ಬಟ್ಟೆ ಸುಮ್ನೆ ಅಲಂಕಾರಕ್ಕೆ ಇರುವುದಿಲ್ಲ. ಪ್ರಾಣಿ ಬಟ್ಟೆ ತೊಟ್ಟಾಗ ಮನುಷ್ಯರ ಹಾಗೆ ನಡೆಯುತ್ತದೆ, ಕಳಚಿದಾಗ ತನ್ನ ಜಾತಿಗೆ ಮರಳುತ್ತದೆ. ಚಿತ್ರದಲ್ಲೂ ಹಾಗೇ: ಕೋಟಿರುವ ಪೀಟರ್ ನೆಟ್ಟಗೆ ನಿಂತಿರುತ್ತಾನೆ, ಕೋಟಿಲ್ಲದ ಪೀಟರ್ ನೆಲಕ್ಕೆ ಅಂಟಿಕೊಂಡಿರುತ್ತಾನೆ.

ಈ ತರಲೆ ಮೊಲದ ಕಥೆಗೆ ಬೇರೆಯವರ ಋಣವೂ ಇದೆ ಅಂತ ಈಚಿನ ವಿಮರ್ಶಕರು ಹೇಳುತ್ತಾರೆ. ಆಫ್ರಿಕಾದಿಂದ ಅಮೆರಿಕಕ್ಕೆ ಹಿಡಿದು ತಂದ ಗುಲಾಮರು ಹೇಳಿಕೊಳ್ಳುತ್ತಿದ್ದ ಜಾಣ ಮೊಲದ ಕಥೆಗಳು ಆಗ ಇಂಗ್ಲೆಂಡಿನಲ್ಲಿ ಪುಸ್ತಕವಾಗಿ ಓಡಾಡುತ್ತಿದ್ದವು. 1890ರ ದಶಕದಲ್ಲಿ ಪಾಟರ್ ಅವಕ್ಕೆ ಚಿತ್ರವನ್ನೂ ಬರೆದಿದ್ದರು. ಈ ಮಾತನ್ನು ಕೇಳಿಸಿಕೊಳ್ಳಲೇಬೇಕು ಅಂತ ನನ್ನ ಅಭಿಪ್ರಾಯ. ಪೀಟರ್‌ನ ತೋಟ, ಮಾತಿನ ಧಾಟಿ, ಚಿತ್ರ ಪಾಟರ್ ಅವರದೇ. ಬಲಿಷ್ಠನ ತೋಟಕ್ಕೆ ನುಗ್ಗಿ ಬುದ್ಧಿಯಿಂದ ಪಾರಾಗುವ ಮೊಲ ಮಾತ್ರ ಅದಕ್ಕಿಂತ ಹಳೆಯದು.

ಹಕ್ಕು ಯಾರದು

ಪೀಟರ್ ಗೆದ್ದ ಕೂಡಲೇ ಒಂದು ದೊಡ್ಡ ಎಡವಟ್ಟಾಯಿತು. ವಾರ್ನ್ ಕಂಪನಿ ಅಮೆರಿಕದಲ್ಲಿ ಈ ಪುಸ್ತಕದ ಹಕ್ಕುಸ್ವಾಮ್ಯ ನೋಂದಾಯಿಸಲಿಲ್ಲ. ಅಲ್ಲಿನ ಪ್ರಕಾಶಕರು ಕೇಳದೆಯೇ ಅಚ್ಚು ಹಾಕಿ ಮಾರಿದರು, ಪಾಟರ್‌ಗೆ ಒಂದು ಕಾಸೂ ಬರಲಿಲ್ಲ.

ಆಕೆ ಇದರಿಂದ ಬೇಗ ಕಲಿತರು. 1903ರಲ್ಲಿ ತಾವೇ ಬಟ್ಟೆ ಕತ್ತರಿಸಿ ಪೀಟರ್ ಬೊಂಬೆ ಹೊಲಿದರು, ಮೀಸೆಗೆ ಬ್ರಷ್ಷಿನ ಕೂದಲು ಕಿತ್ತು ಹಾಕಿದರು. ಅದೇ ಡಿಸೆಂಬರ್ 28ರಂದು ಅದನ್ನು ಲಂಡನ್ನಿನ ಪೇಟೆಂಟ್ ಕಚೇರಿಯಲ್ಲಿ ನೋಂದಾಯಿಸಿದರು. ಮರುವರ್ಷ ಪೀಟರ್‌ನ ಒಂದು ಆಟದ ಹಲಗೆಗೆ ನಕ್ಷೆ ಮಾಡಿದರು. ಆಮೇಲೆ ಗೋಡೆಗೆ ಅಂಟಿಸುವ ಚಿತ್ತಾರದ ಕಾಗದ, ಚಹಾದ ಪಿಂಗಾಣಿ, ಹೀಗೆ ಸಾಲು ಸಾಲು. ಇವತ್ತು ಕಾರ್ಟೂನ್ ಬಂದ ವಾರಕ್ಕೇ ಅದರ ಚಿತ್ರವಿರುವ ಶಾಲೆ ಬ್ಯಾಗು, ನೀರಿನ ಬಾಟಲಿ ಅಂಗಡಿಗೆ ಬರುತ್ತವೆ ಅಲ್ವಾ? ಆ ವ್ಯಾಪಾರಕ್ಕೆ ದಾರಿ ತೋರಿದವರಲ್ಲಿ ಪಾಟರ್ ಮೊದಲ ಸಾಲಿನಲ್ಲಿದ್ದಾರೆ. ಬೊಂಬೆಯ ಮುಖ ಸರಿ ಬರದಿದ್ದರೆ ಆಕೆ ಬಿಡುತ್ತಿರಲಿಲ್ಲ.

ಪುಸ್ತಕಗಳನ್ನು ಹತ್ತಿರವಿದ್ದು ನೋಡಿಕೊಂಡವರು ವಾರ್ನ್ ಮನೆಯ ಕಿರಿಯ ಮಗ ನಾರ್ಮನ್. ಅಣ್ಣನ ಮಗಳಿಗಾಗಿ ಅವರು ಒಂದು ಬೊಂಬೆಮನೆ ಕಟ್ಟಿದ್ದರು. ಎರಡು ಇಲಿಗಳು ಬೊಂಬೆಮನೆಗೆ ನುಗ್ಗಿ, ಊಟದ ತಟ್ಟೆಯಲ್ಲಿರುವುದೆಲ್ಲ ಬರೀ ಬಣ್ಣ ಬಳಿದ ಪ್ಲಾಸ್ಟರ್ ಅಂತ ತಿಳಿದು ಸಿಟ್ಟಿನಿಂದ ಎಲ್ಲವನ್ನೂ ಒಡೆಯುವ ಕಥೆ ಬರೆಯುತ್ತಿದ್ದ ಪಾಟರ್‌ಗೆ ಆ ಮನೆ ನೋಡಬೇಕಿತ್ತು. ತಾಯಿ ಕಳಿಸಲಿಲ್ಲ. ಆಗ ಆಕೆಯ ವಯಸ್ಸು ಮೂವತ್ತೇಳು! ನಾರ್ಮನ್ ಫೋಟೋ ತೆಗೆದು ಕಳಿಸಿದರು, ಅದನ್ನು ನೋಡಿಕೊಂಡೇ ಚಿತ್ರ ಬರೆದರು.

1905ರ ಜುಲೈ 25ರಂದು ನಾರ್ಮನ್ ಕಾಗದದಲ್ಲೇ ಮದುವೆಯ ಮಾತೆತ್ತಿದರು. ವ್ಯಾಪಾರದ ಮನೆಯ ಹುಡುಗ ಬೇಡ ಅಂದರು ಪಾಟರ್ ಹೆತ್ತವರು, ತಮ್ಮ ಸಿರಿಯೂ ವ್ಯಾಪಾರದ್ದೇ ಆಗಿದ್ದರೂ. ಆಕೆ ಒಪ್ಪಿ ಉಂಗುರ ತೊಟ್ಟರು. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 25ರಂದು, ನಾರ್ಮನ್ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅವರಿಗೆ ಮೂವತ್ತೇಳು.

ಅದೇ ವರ್ಷದ ಕೊನೆಗೆ ಲೇಕ್ ಡಿಸ್ಟ್ರಿಕ್ಟಿನ ನಿಯರ್ ಸಾರಿ ಹಳ್ಳಿಯಲ್ಲಿ ಹಿಲ್ ಟಾಪ್ ಎಂಬ 34 ಎಕರೆಯ ತೋಟ ಪಾಟರ್ ಹೆಸರಿಗೆ ಬಂತು. ಪುಸ್ತಕದ ದುಡ್ಡು, ಜೊತೆಗೆ ಬಂಧುವೊಬ್ಬರು ಬಿಟ್ಟುಹೋದ ಸ್ವಲ್ಪ ಹಣ. ಲಂಡನ್ನಿನಲ್ಲಿ ಹೆತ್ತವರ ಸೇವೆ, ಸಮಯ ಸಿಕ್ಕಾಗ ಹಿಲ್ ಟಾಪ್, ಹೀಗೆ ಎಂಟು ವರ್ಷ ನಡೆಯಿತು. ಆಕೆಯ ಅತ್ಯುತ್ತಮ ಪುಸ್ತಕಗಳು ಬಂದದ್ದು ಈ ಕಾಲದಲ್ಲೇ. ಟಾಮ್ ಕಿಟನ್ ಎಂಬ ಬೆಕ್ಕಿನ ಮರಿ, ಮೊಟ್ಟೆಗೆ ಕಾವು ಕೊಡಲು ಜಾಗ ಹುಡುಕುತ್ತ ನರಿಯ ಮನೆ ಸೇರುವ ಜೆಮೈಮಾ ಬಾತುಕೋಳಿ, ಬೆಕ್ಕಿನ ಮರಿಗೆ ಹಿಟ್ಟು ಸುತ್ತುವ ಹೆಗ್ಗಣಗಳು, ಇವರೆಲ್ಲ ಓಡಾಡುವುದು ಹಿಲ್ ಟಾಪ್‌ನ ಅಂಗಳ, ಮೆಟ್ಟಿಲು, ಅಟ್ಟಗಳಲ್ಲೇ. ಆ ಮನೆ ಈಗಲೂ ಇದೆ. ಪುಸ್ತಕ ಕೈಲಿ ಹಿಡಿದು ಹೋದರೆ ಚಿತ್ರದಲ್ಲಿರುವ ಮೆಟ್ಟಿಲಿನ ತಿರುವು ಹಾಗೇ ಕಾಣುತ್ತದೆ.

ಅಕ್ಕಪಕ್ಕದ ಜಮೀನು ಕೊಳ್ಳುವಾಗ ಕಾಗದಪತ್ರ ನೋಡಿಕೊಂಡವರು ಸ್ಥಳೀಯ ವಕೀಲ ವಿಲಿಯಂ ಹೀಲಿಸ್. 1913ರ ಅಕ್ಟೋಬರ್ 15ರಂದು ಅವರನ್ನೇ ಮದುವೆಯಾದರು, ತಮ್ಮ ನಲವತ್ತೇಳನೇ ವಯಸ್ಸಿನಲ್ಲಿ. 1917ರಲ್ಲಿ ವಾರ್ನ್ ಕಂಪನಿ ಮುಳುಗುವ ಹಂತಕ್ಕೆ ಬಂತು. ನಾರ್ಮನ್‌ರ ಅಣ್ಣ ಹೆರಾಲ್ಡ್ ಖೋಟಾ ಸಹಿ ಮಾಡಿ ಜೈಲಿಗೆ ಹೋಗಿದ್ದರು. ಪಾಟರ್ ಹಳೆಯ ಚಿತ್ರಗಳನ್ನು ಒಟ್ಟುಮಾಡಿ ಹೊಸ ಪುಸ್ತಕ ಕೊಟ್ಟು ಕಂಪನಿಯ ಕೈಹಿಡಿದರು.

ಬೆಟ್ಟದ ಲೆಕ್ಕ

ಇನ್ನು ಕುರಿಗಳ ವಿಷಯ. ಇದು ತಿಳಿಯದೆ ಆಕೆ ಯಾಕೆ ಅಷ್ಟೊಂದು ನೆಲ ಕೊಂಡರು ಅನ್ನೋದು ಅರ್ಥವಾಗುವುದಿಲ್ಲ.

ಲೇಕ್ ಡಿಸ್ಟ್ರಿಕ್ಟಿನ ಎತ್ತರದ ಗುಡ್ಡಗಳಲ್ಲಿ ಸಾಕುವುದು ಹರ್ಡ್‌ವಿಕ್ ಎಂಬ ತಳಿ. ಹುಟ್ಟುವಾಗ ಮರಿ ಕಪ್ಪಗಿರುತ್ತದೆ, ಬೆಳೆದಂತೆ ಮೈ ಬೂದು, ಮುಖ ಬಿಳಿ. ಮಳೆ, ಹಿಮ ಎರಡನ್ನೂ ತಡೆಯುವ ಒರಟು ಉಣ್ಣೆ. ಗುಡ್ಡದ ಮೇಲೆ ಬಹುಪಾಲು ಬೇಲಿಯಿಲ್ಲ, ಹಲವು ರೈತರ ಕುರಿಗಳು ಒಂದೇ ಬಯಲಲ್ಲಿ ಮೇಯುತ್ತವೆ. ಆದರೂ ಪ್ರತಿ ಹಿಂಡೂ ತನ್ನ ಜಾಗ ಬಿಟ್ಟು ದೂರ ಹೋಗುವುದಿಲ್ಲ. ನಮ್ಮಲ್ಲಿ ಮೇಯಲು ಬಿಟ್ಟ ದನ ಸಂಜೆಗೆ ತಾನಾಗಿ ಕೊಟ್ಟಿಗೆಗೆ ಬರುವ ಹಾಗೆ, ಈ ಕುರಿಗೆ ಗುಡ್ಡದ ತನ್ನ ಮಗ್ಗುಲು ಗೊತ್ತು. ತಾಯಿಯ ಜೊತೆ ಮೇಯುತ್ತ ಮರಿ ಅದನ್ನು ಕಲಿಯುತ್ತದೆ. ಅದು ದೊಡ್ಡದಾಗಿ ತನ್ನ ಮರಿಗೆ ಕಲಿಸುತ್ತದೆ. ಹೀಗೆ ಕಲಿತ ಜಾಗವನ್ನು ಅಲ್ಲಿನವರು ಹೀಫ್ ಅನ್ನುತ್ತಾರೆ.

ಇದರಿಂದ ಒಂದು ವಿಚಿತ್ರ ಕಟ್ಟುಪಾಡು ಬೆಳೆದಿದೆ. ಜಮೀನು ಕೈ ಬದಲಾದರೂ ಹಿಂಡು ಜಮೀನಿನ ಜೊತೆಗೇ ಉಳಿಯಬೇಕು. ಗೇಣಿಗೆ ಬಂದವನು ಬಿಟ್ಟುಹೋಗುವಾಗ ಪಡೆದಷ್ಟೇ ಕುರಿ ಒಪ್ಪಿಸಬೇಕು. ಒಮ್ಮೆ ಹಿಂಡನ್ನು ಮಾರಿ ಚದುರಿಸಿದರೆ ಮುಗಿಯಿತು. ಹೊಸದಾಗಿ ತಂದ ಕುರಿಗೆ ಯಾವ ಇಳಿಜಾರು ತನ್ನದು ಅಂತ ಹೇಳಿಕೊಡಲು ತಾಯಿ ಇರುವುದಿಲ್ಲ. ಬೇಲಿ ಹಾಕಬೇಕಾಗುತ್ತದೆ, ಬಯಲು ತುಂಡಾಗುತ್ತದೆ. ಕಣ್ಣಿಗೆ ಕಾಣುವ ಆ ಚೆಂದದ ಗುಡ್ಡ ಉಳಿದಿರುವುದೇ ಕುರಿ ಮೇಯುವುದರಿಂದ. ಅಂದರೆ ನೋಟ ಉಳಿಸಬೇಕಾದರೆ ಕುರಿ ಉಳಿಯಬೇಕು, ಕುರಿ ಉಳಿಯಬೇಕಾದರೆ ತೋಟ ಇಡಿಯಾಗಿ ಒಬ್ಬ ರೈತನ ಕೈಯಲ್ಲಿರಬೇಕು. ಪಾಟರ್ ಚೂರುಪಾರು ಜಾಗ ಕೊಳ್ಳದೆ ಇಡೀ ತೋಟಗಳನ್ನೇ, ಹಿಂಡಿನ ಸಮೇತ, ಕೊಂಡದ್ದು ಅದಕ್ಕೆ.

1923ರಲ್ಲಿ ಟ್ರೌಟ್‌ಬೆಕ್ ಪಾರ್ಕ್ ಎಂಬ ಸುಮಾರು 1,900 ಎಕರೆಯ ಕುರಿ ತೋಟ ಕೊಂಡರು. ಅಲ್ಲಿ ಮನೆ ಕಟ್ಟಿ ಮಾರುವವರ ಕಣ್ಣು ಬಿದ್ದಿತ್ತು. ಕುರಿಗಳಿಗೆ ಪಿತ್ತಜನಕಾಂಗದ ಹುಳುವಿನ ರೋಗ ಹತ್ತಿತ್ತು. ಔಷಧಿ ಹಾಕಿಸಿ, ಒಳ್ಳೆಯ ಕುರುಬರನ್ನು ಇಟ್ಟು ಹಿಂಡನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅಲ್ಲಿಂದ ಹಿಲ್ ಟಾಪ್‌ಗೆ ಕರೆತಂದ ಟಾಮ್ ಸ್ಟೋರಿ ಎಂಬ ಕುರುಬರ ಜೊತೆ ಸೇರಿ ಮೇಳಗಳಲ್ಲಿ ಬಹುಮಾನ ಮೇಲೆ ಬಹುಮಾನ ಗೆದ್ದರು. 1930ರಲ್ಲಿ ಮಾಂಕ್ ಕಾನಿಸ್ಟನ್ ಎಂಬ 4,000 ಎಕರೆಯ ಜಹಗೀರು ಮಾರಾಟಕ್ಕೆ ಬಂದಾಗ ಟ್ರಸ್ಟ್ ಬಳಿ ತಕ್ಷಣಕ್ಕೆ ದುಡ್ಡಿರಲಿಲ್ಲ. ಪಾಟರ್ ಪೂರ್ತಿ ಕೊಂಡು, ಅರ್ಧವನ್ನು ಕೊಂಡ ಬೆಲೆಗೇ ಟ್ರಸ್ಟ್‌ಗೆ ಬಿಟ್ಟುಕೊಟ್ಟರು. ಆ ಭಾಗದ ಉಸ್ತುವಾರಿಯನ್ನೂ ಕೆಲವು ವರ್ಷ ತಾವೇ ಹೊತ್ತರು. ವಿಂಡರ್ಮಿಯರ್ ಸರೋವರದ ದಂಡೆಯ ಒಂದು ತುಂಡನ್ನು ಉಳಿಸಲು 1927ರಲ್ಲಿ ತಮ್ಮ ಚಿತ್ರಗಳ ಪ್ರತಿಗಳಿಗೆ ಸಹಿ ಹಾಕಿ ಅಮೆರಿಕದ ಓದುಗರಿಗೆ ಮಾರಿದ್ದೂ ಉಂಟು.

ಹರ್ಡ್‌ವಿಕ್ ಕುರಿ ಸಾಕುವವರ ಸಂಘ 1943ರಲ್ಲಿ ಆಕೆಯನ್ನು ಅಧ್ಯಕ್ಷೆಯಾಗಿ ಆರಿಸಿತು. ಆ ಸ್ಥಾನಕ್ಕೆ ಆಯ್ಕೆಯಾದ ಮೊದಲ ಹೆಂಗಸು. ಅಧಿಕಾರ ವಹಿಸುವ ಮೊದಲೇ, ಡಿಸೆಂಬರ್ 22ರಂದು, ತೀರಿಕೊಂಡರು. ಉಯಿಲಿನಲ್ಲಿ ನೆಲದ ಜೊತೆಗೆ ಒಂದು ಷರತ್ತೂ ಇತ್ತು: ಗುಡ್ಡದ ತೋಟಗಳಲ್ಲಿ ಶುದ್ಧ ಹರ್ಡ್‌ವಿಕ್ ಹಿಂಡುಗಳೇ ಮುಂದುವರಿಯಬೇಕು. ಆ ತೋಟಗಳನ್ನು ಟ್ರಸ್ಟ್ ಇವತ್ತಿಗೂ ರೈತರಿಗೆ ಗೇಣಿಗೆ ಕೊಡುತ್ತದೆ. 2017ರಲ್ಲಿ ಯುನೆಸ್ಕೊ ಲೇಕ್ ಡಿಸ್ಟ್ರಿಕ್ಟನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿದಾಗ ಎಣಿಕೆಗೆ ಬಂದದ್ದರಲ್ಲಿ ಈ ಕುರಿ ಸಾಕಣೆಯೂ ಒಂದು.

ನಮ್ಮ ಅನುವಾದಕರಿಗೆ, ಚಿಕ್ಕ ಪ್ರಕಾಶಕರಿಗೆ ಒಂದು ಮಾತು. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಹಕ್ಕುಸ್ವಾಮ್ಯ ಮುಗಿಯುತ್ತದೆ. ಪಾಟರ್ ಬದುಕಿದ್ದಾಗ ಬಂದ ಕಥೆ, ಚಿತ್ರಗಳು ಹೀಗಾಗಿ 2004ರಿಂದ ಇಲ್ಲಿ ಎಲ್ಲರವು. ಟ್ರೇಡ್‌ಮಾರ್ಕ್ ವಿಷಯ ಮಾತ್ರ ಬೇರೆ, ಅದನ್ನು ವಕೀಲರ ಹತ್ತಿರ ಕೇಳಿ ತಿಳಿಯಬೇಕು. ಕನ್ನಡಕ್ಕೆ ತರುವವರು ಎರಡು ವಿಷಯ ಬಿಡಬಾರದು ಅಂತ ನನ್ನ ಕೋರಿಕೆ. ಒಂದು ಕಡೆ ಮಾತು, ಎದುರು ಪುಟದಲ್ಲಿ ಅದರ ಚಿತ್ರ ಇರುವ ಜೋಡಣೆ ಕೆಡಬಾರದು. ಮತ್ತೆ ಅಪ್ಪ ಕಡುಬಾದ ಸಾಲನ್ನು ಮಕ್ಕಳು ಹೆದರುತ್ತಾರೆ ಅಂತ ತೆಗೆಯಬಾರದು. ಯಾವುದರಿಂದ ಶುರು ಮಾಡೋಣ ಅಂದರೆ, ನಾನಾದರೆ ಪೀಟರ್ ಆದ ಮೇಲೆ ನೇರ ಜೆಮೈಮಾ ಬಾತುಕೋಳಿಗೆ ಹೋಗುತ್ತೇನೆ. ನರಿಯ ಮನೆಯಲ್ಲಿ ಅಷ್ಟೊಂದು ಪುಕ್ಕ ಯಾಕಿದೆ ಅನ್ನೋದು ಕೇಳುವ ಮಗುವಿಗೆ ಗೊತ್ತಾಗುತ್ತದೆ, ಜೆಮೈಮಾಗೆ ಗೊತ್ತಾಗುವುದಿಲ್ಲ. ಮಕ್ಕಳು ಆ ಪುಟದಲ್ಲಿ ಕೂಗಿಕೊಳ್ಳುತ್ತಾರೆ.